ಎಂಟು ವಾರದ ಊರು: ಬೇಸಿಗೆ ಇಂಟರ್ನ್‌ಗಳ ಗೆಳೆತನ ಮತ್ತು ತಿರುಗಾಟ

ಪ್ರತಿ ವರ್ಷ ಮೇ ತಿಂಗಳಲ್ಲಿ ನಮ್ಮ ಪದವಿ ಕಾಲೇಜುಗಳ ಅನೇಕ ವಿದ್ಯಾರ್ಥಿಗಳು ಒಂದು ಚೀಲ, ಒಂದು ಆಯ್ಕೆಪತ್ರ ಹಿಡಿದು ತಾವು ಎಂದೂ ಕಾಣದ ಊರಿನ ರೈಲು ಹತ್ತುತ್ತಾರೆ. ಇವರು ಬೇಸಿಗೆ ಇಂಟರ್ನ್‌ಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ, ದೆಹಲಿ ಮತ್ತು ಪ್ರಯಾಗರಾಜದ ಸೋದರ ಅಕಾಡೆಮಿಗಳೊಡನೆ ಸೇರಿ ಇಂತಹ ಬೇಸಿಗೆ ಸಂಶೋಧನಾ ಕಾರ್ಯಕ್ರಮವನ್ನು ನಡೆಸಿಕೊಂಡು ಬಂದಿದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರ, ಪುಣೆಯ ಖಗೋಳವಿಜ್ಞಾನ ಕೇಂದ್ರ 'ಅಯುಕಾ' ಮೊದಲಾದ ಸಂಸ್ಥೆಗಳಲ್ಲೂ ಇಂಥ ವ್ಯವಸ್ಥೆ ಉಂಟು. ಅವಧಿ ಸಾಮಾನ್ಯವಾಗಿ ಎರಡು ತಿಂಗಳು, ಅಂದರೆ ಎಂಟು ವಾರ.

ಅರ್ಜಿ ಹೇಗೆ ಹಾಕಬೇಕು, ಮಾರ್ಗದರ್ಶಕರಿಗೆ ಪತ್ರ ಹೇಗೆ ಬರೆಯಬೇಕು ಎಂದು ಹೇಳಿಕೊಡುವವರು ಬಹಳ ಜನ ಇದ್ದಾರೆ. ಆದರೆ ಯುವಜನರ ಮಾತುಕತೆ ಕಾರ್ಯಕ್ರಮಕ್ಕಾಗಿ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಮಾತನಾಡಿಸುವಾಗ ನಮಗೆ ಕೇಳಿಬರುವ ಪ್ರಶ್ನೆ ಬೇರೆಯೇ. "ಸರ್, ಲ್ಯಾಬಿನ ಕೆಲಸ ಕಷ್ಟವಾಗಲಿಲ್ಲ. ಸಂಜೆ ಆರು ಗಂಟೆಯ ಮೇಲೆ ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ." ಕೊಪ್ಪಳದ ಕಡೆಯ ಒಬ್ಬ ವಿದ್ಯಾರ್ಥಿನಿ ಹೇಳಿದ ಮಾತು ಇದು. ಎರಡನೆಯ ವಾರದಲ್ಲಿ ಆಕೆ ಊರಿಗೆ ವಾಪಸ್ಸು ಹೋಗಲು ಟಿಕೆಟ್ ಸಹ ವಿಚಾರಿಸಿದ್ದಳಂತೆ. ಒಳ್ಳೆಯ ಅಂಕ, ಕಷ್ಟಪಟ್ಟು ಗಳಿಸಿದ ಅವಕಾಶ, ಮನೆಯವರ ಆಸೆ ಇವೆಲ್ಲ ಒಂದು ಖಾಲಿ ಸಂಜೆಯ ಮುಂದೆ ಸೋತುಹೋಗಬಹುದು ಎಂದಾದರೆ, ಆ ಸಂಜೆಯನ್ನು ಕುರಿತು ಸ್ವಲ್ಪ ವಿಚಾರ ಮಾಡಬೇಕಾದದ್ದು ಅಗತ್ಯ.

ಉದಾಹರಣೆಗಾಗಿ ಪುಣೆ ನಗರವನ್ನು ತೆಗೆದುಕೊಳ್ಳೋಣ. ಉತ್ತರ ಕರ್ನಾಟಕದಿಂದ ಒಂದು ರಾತ್ರಿಯ ಪ್ರಯಾಣದ ದೂರದಲ್ಲಿರುವ ಈ ಊರಿನಲ್ಲಿ ಖಗೋಳವಿಜ್ಞಾನ, ರಸಾಯನವಿಜ್ಞಾನ, ಹವಾಮಾನ ಹೀಗೆ ಹಲವು ಶಾಸ್ತ್ರಗಳ ದೊಡ್ಡ ಸಂಸ್ಥೆಗಳಿವೆ. ನಮ್ಮ ವಿದ್ಯಾರ್ಥಿಗಳು ಅಲ್ಲಿಗೆ ಹೋಗುವುದೂ ಹೆಚ್ಚು. ಪುಣೆಗೆ ಹೇಳಿದ ಮಾತುಗಳಲ್ಲಿ ಬಹುಪಾಲು ಹೈದರಾಬಾದಿಗೂ ಚೆನ್ನೈಗೂ ಅನ್ವಯಿಸುತ್ತವೆ.

ಎರಡನೆಯ ವಾರದಲ್ಲಿ ಏನಾಗುತ್ತದೆ?

ಮೊದಲ ನಾಲ್ಕೈದು ದಿನ ಎಲ್ಲವೂ ಹೊಸದು. ಗುರುತಿನ ಚೀಟಿ, ಕೊಠಡಿ, ಬೀಗದ ಕೈ, ಗ್ರಂಥಾಲಯ ಎಂದು ಓಡಾಟದಲ್ಲೇ ಹೊತ್ತು ಕಳೆಯುತ್ತದೆ. ಮನೆಗೆ ಫೋನ್ ಮಾಡಿ ಹೇಳುವುದಕ್ಕೆ ದಿನಕ್ಕೊಂದು ಸುದ್ದಿ ಇರುತ್ತದೆ. ಆಮೇಲೆ ಹೊಸತನ ಮುಗಿಯುತ್ತದೆ, ಆದರೆ ಬಳಕೆ ಇನ್ನೂ ಬಂದಿರುವುದಿಲ್ಲ. ಈ ಎರಡರ ನಡುವಿನ ತಗ್ಗಿನಲ್ಲಿ ಮನಸ್ಸು ಕುಸಿಯುತ್ತದೆ.

1955ರಲ್ಲಿ ನಾರ್ವೆಯ ಸಮಾಜವಿಜ್ಞಾನಿ ಲಿಸ್‌ಗಾರ್ಡ್ ಎಂಬುವರು ಅಮೆರಿಕಕ್ಕೆ ಓದಲು ಹೋಗಿದ್ದ ತಮ್ಮ ದೇಶದವರನ್ನು ಮಾತನಾಡಿಸಿ ಒಂದು ಸಂಗತಿಯನ್ನು ಗಮನಿಸಿದರು. ಹೋದ ಹೊಸತರಲ್ಲಿ ಉತ್ಸಾಹ, ನಡುವೆ ಬೇಸರ, ಮುಂದೆ ಮತ್ತೆ ಹೊಂದಾಣಿಕೆ. ಇದನ್ನು ಗೆರೆಯಾಗಿ ಬರೆದರೆ ಇಂಗ್ಲಿಷಿನ 'ಯು' ಅಕ್ಷರದ ಆಕಾರ ಬರುತ್ತದೆ. ಎಲ್ಲರೂ ಈ ಗೆರೆಯ ಮೇಲೆಯೇ ನಡೆಯುವುದಿಲ್ಲ ಎಂದು ಮುಂದಿನ ಅಧ್ಯಯನಗಳು ತೋರಿಸಿವೆ. ಕೆಲವರಿಗೆ ಮೊದಲ ದಿನವೇ ಕಷ್ಟ, ಕೆಲವರಿಗೆ ತಗ್ಗು ಬರುವುದೇ ಇಲ್ಲ. ಆದರೂ ಇದರಿಂದ ನಮಗೊಂದು ಉಪಯೋಗವುಂಟು. ಬೇಸರ ಬಂದಾಗ "ನನಗೆ ಯೋಗ್ಯತೆ ಇಲ್ಲ, ಇಲ್ಲಿಗೆ ಬರಬಾರದಿತ್ತು" ಎಂದು ತೀರ್ಮಾನಿಸುವ ಬದಲು "ಇದು ದಾರಿಯ ಒಂದು ಭಾಗ" ಎಂದು ತಿಳಿದುಕೊಳ್ಳಬಹುದು. ಜ್ವರ ಬಂದಾಗ ಅದರ ಹೆಸರು ಗೊತ್ತಾದರೆ ಅರ್ಧ ಭಯ ಹೋಗುವುದಿಲ್ಲವೇ, ಹಾಗೆ.

ಇನ್ನೊಂದು ಕಾರಣವೂ ಇದೆ. ಮನೆಯಲ್ಲಿರುವಾಗ ನಾವು ಆಡುವ ಮಾತುಗಳಲ್ಲಿ ಹೆಚ್ಚಿನವು ಕೆಲಸಕ್ಕೆ ಬಾರದ ಸಣ್ಣ ಮಾತುಗಳು. "ಊಟ ಆಯ್ತೇನು?", "ಮಳೆ ಬರೋ ಹಾಗಿದೆ" ಎಂಬಂಥವು. ಹೊಸ ಊರಿನಲ್ಲಿ ಕೆಲಸದ ಮಾತಿಗೆ ಜನರಿರುತ್ತಾರೆ, ಈ ಸಣ್ಣ ಮಾತಿಗೆ ಯಾರೂ ಇರುವುದಿಲ್ಲ. ಹಸಿವಾಗಿರುವುದು ಅದಕ್ಕೆ. ದಿನಕ್ಕೆ ನಾಲ್ಕು ಸಲ ಮನೆಗೆ ಫೋನ್ ಮಾಡುವುದರಿಂದ ಆ ಹಸಿವು ತಾತ್ಕಾಲಿಕವಾಗಿ ಅಡಗುತ್ತದೆ. ಆದರೆ ಕೈಯಲ್ಲಿ ಫೋನ್ ಹಿಡಿದು ಮೂಲೆಯಲ್ಲಿ ಕುಳಿತವರನ್ನು ಪಕ್ಕದ ಕೊಠಡಿಯವರು ಚಹಾಕ್ಕೆ ಕರೆಯುವುದಿಲ್ಲ. ಮನೆಗೆ ಮಾತನಾಡಲು ರಾತ್ರಿ ಒಂದು ಹೊತ್ತು ಗೊತ್ತುಮಾಡಿಕೊಂಡರೆ ಎರಡೂ ನಡೆಯುತ್ತದೆ.

ಗೆಳೆತನಕ್ಕೂ ಒಂದು ಲೆಕ್ಕ

ಗೆಳೆತನ ಎಂಬುದು ಅದೃಷ್ಟದಿಂದ ಆಗುವುದೆಂದು ನಾವು ತಿಳಿಯುತ್ತೇವೆ. ಅದರಲ್ಲಿ ಅದೃಷ್ಟಕ್ಕಿಂತ ಬಾಗಿಲಿನ ಪಾತ್ರ ದೊಡ್ಡದು. ಅಮೆರಿಕದ ಎಂ.ಐ.ಟಿ. ಸಂಸ್ಥೆಯ ವಿದ್ಯಾರ್ಥಿ ವಸತಿಗೃಹಗಳಲ್ಲಿ ಫೆಸ್ಟಿಂಗರ್ ಮತ್ತು ಸಂಗಡಿಗರು ನಡೆಸಿ 1950ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಕ್ಕದ ಬಾಗಿಲಿನವರು ಪರಸ್ಪರ ಗೆಳೆಯರಾಗುವ ಸಂಭವ ಅತಿ ಹೆಚ್ಚು ಎಂದು ಕಂಡುಬಂತು. ದೂರ ಹೆಚ್ಚಿದಂತೆ, ಅದೇ ಕಟ್ಟಡದೊಳಗೇ, ಗೆಳೆತನ ಕಡಿಮೆಯಾಗುತ್ತಿತ್ತು. ಮೆಟ್ಟಿಲಿನ ಬುಡದಲ್ಲಿ ಮನೆ ಇದ್ದವರಿಗೆ ಮೇಲಿನ ಅಂತಸ್ತಿನವರ ಪರಿಚಯವೂ ಆಗುತ್ತಿತ್ತು, ಏಕೆಂದರೆ ಎಲ್ಲರೂ ಆ ದಾರಿಯಲ್ಲೇ ಹಾಯಬೇಕು. 1968ರಲ್ಲಿ ಝಯಾಂಕ್ ಎಂಬ ಮನೋವಿಜ್ಞಾನಿ ಮತ್ತೊಂದು ಅಂಶವನ್ನು ತೋರಿಸಿದರು. ಒಂದು ವಸ್ತುವನ್ನು ಮತ್ತೆ ಮತ್ತೆ ಕಂಡಾಗ, ಬೇರೇನೂ ನಡೆಯದಿದ್ದರೂ, ಅದರ ಮೇಲೆ ನಮ್ಮ ಒಲವು ಹೆಚ್ಚುತ್ತದೆ. ಮುಖಗಳ ವಿಷಯದಲ್ಲೂ ಹೀಗೆಯೇ.

ಇದರಿಂದ ಕಲಿಯಬೇಕಾದದ್ದು ಸರಳ. ಸಂಜೆ ಅರ್ಧ ಗಂಟೆ ಕೊಠಡಿಯ ಬಾಗಿಲು ತೆರೆದಿಡಿ. ಊಟಕ್ಕೆ ದಿನವೂ ಒಂದೇ ಹೊತ್ತಿಗೆ ಹೋಗಿ. ಚಹಾ ಲೋಟವನ್ನು ಕೊಠಡಿಗೆ ಒಯ್ಯದೆ ಕ್ಯಾಂಟೀನಿನಲ್ಲೇ ಕುಡಿಯಿರಿ. ಮಾತು ಬಾರದ, ನಾಚಿಕೆಯ ಸ್ವಭಾವದವರಿಗೂ ಇದು ಸಾಧ್ಯ. ಕಾಣಿಸಿಕೊಂಡರೆ ಸಾಕು, ಮಾತು ತಾನಾಗಿ ಬರುತ್ತದೆ.

ಈಗ ಗಂಟೆಗಳ ಲೆಕ್ಕಕ್ಕೆ ಬರೋಣ. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾನಿಲಯದ ಜೆಫ್ರಿ ಹಾಲ್ ಎಂಬ ಪ್ರಾಧ್ಯಾಪಕರು ಹೊಸ ಊರಿಗೆ ಬಂದವರನ್ನೂ ಹೊಸದಾಗಿ ಕಾಲೇಜು ಸೇರಿದವರನ್ನೂ ಅಭ್ಯಸಿಸಿ 2018ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಪರಿಚಯ ಎಂಬುದು ಸಾಧಾರಣ ಸ್ನೇಹವಾಗಲು ಸುಮಾರು 50 ಗಂಟೆ, ಸ್ನೇಹವಾಗಲು ಸುಮಾರು 90 ಗಂಟೆ, ಆಪ್ತ ಗೆಳೆತನವಾಗಲು 200ಕ್ಕೂ ಹೆಚ್ಚು ಗಂಟೆ ಒಟ್ಟಿಗೆ ಕಳೆಯಬೇಕು. ಇದು ಅಲ್ಲಿನ ಸರಾಸರಿ, ನಿಯಮವಲ್ಲ. ಆದರೆ ಒಂದು ಮಾತನ್ನು ಗಮನಿಸಿ: ಒಂದೇ ಕಡೆ ಕೆಲಸ ಮಾಡಿದ ಗಂಟೆಗಳು ಆಪ್ತತೆಯನ್ನು ಅಷ್ಟಾಗಿ ಬೆಳೆಸುವುದಿಲ್ಲ. ಬಿಡುವಿನ ಗಂಟೆಗಳೇ ಲೆಕ್ಕಕ್ಕೆ ಬರುವುದು.

ಎಂಟು ವಾರದಲ್ಲಿ ವಾರಕ್ಕೆ ಐದು ದಿನ, ದಿನಕ್ಕೆ ಒಂದು ಗಂಟೆ ಒಟ್ಟಿಗೆ ಊಟ ಮಾಡಿದರೆ 40 ಗಂಟೆ. ಸಾಧಾರಣ ಸ್ನೇಹಕ್ಕೂ ಹತ್ತು ಗಂಟೆ ಕಡಿಮೆಯಾಯಿತು. ಅದರ ಜೊತೆಗೆ ಹತ್ತು ಗಂಟೆಯ ಐದು ಭಾನುವಾರಗಳ ತಿರುಗಾಟವನ್ನು ಸೇರಿಸಿ. ಒಟ್ಟು 90 ಗಂಟೆ! ಬೇಸಿಗೆ ಇಂಟರ್ನ್‌ಗಳ ಭಾನುವಾರದ ತಿರುಗಾಟವನ್ನು ಹಿರಿಯರು ಕಾಲಹರಣ ಎನ್ನುವುದುಂಟು. ಪರಿಚಯವನ್ನು ಸ್ನೇಹದವರೆಗೆ ಮುಟ್ಟಿಸುವ ಸೇತುವೆ ಅದೇ ಎಂಬುದನ್ನು ಈ ಲೆಕ್ಕ ಹೇಳುತ್ತದೆ.

ಮಾತು ಮತ್ತು ಊಟ

ಪುಣೆಗೆ ಹೋದ ಕನ್ನಡಿಗರಿಗೆ ಮರಾಠಿ ಪೂರ್ತಿ ಪರಕೀಯವೆನಿಸುವುದಿಲ್ಲ. ಧಾರವಾಡ, ಬೆಳಗಾವಿ ಕಡೆಯವರು 'ಖಾನಾವಳಿ' ಎಂಬ ಮಾತನ್ನು ಅಲ್ಲಿಯೂ ಕೇಳುತ್ತಾರೆ. ನಮ್ಮ ರೊಟ್ಟಿ ಅಲ್ಲಿ ಭಾಕರಿ. ನಮ್ಮ ಜುಣಕ ಅಲ್ಲಿ ಝುಣಕಾ. ಅದರದೇ ತೆಳುವಾದ ಅಣ್ಣ ಪಿಠಲೆ. ಕೆಲವು ಮಾತುಗಳು ಮಾತ್ರ ಕಾಲು ಜಾರಿಸುತ್ತವೆ. ಮರಾಠಿಯಲ್ಲಿ 'ತಾಯಿ' ಎಂದರೆ ಅಕ್ಕ! ಹಾಸ್ಟೆಲಿನ ಹಿರಿಯ ವಿದ್ಯಾರ್ಥಿನಿಯನ್ನು ಎಲ್ಲರೂ 'ತಾಯಿ' ಎಂದು ಕರೆಯುವುದನ್ನು ಕೇಳಿ ನಮ್ಮ ಹುಡುಗಿಯರು ಬೆರಗಾಗುವುದುಂಟು. ಅಡುಗೆಯವರನ್ನು 'ಮಾವಶಿ', ಅಂದರೆ ಚಿಕ್ಕಮ್ಮ, ಎಂದೂ ಆಟೋದವರನ್ನು 'ಕಾಕಾ' ಎಂದೂ ಕರೆದರೆ ಅರ್ಧ ಕೆಲಸ ಸಲೀಸು. ದಿನಕ್ಕೆ ಐದು ಮಾತು ಕಲಿತರೆ ಎಂಟು ವಾರದಲ್ಲಿ 280 ಮಾತುಗಳಾದವು. ಸಂತೆಯ ವ್ಯವಹಾರಕ್ಕೆ ಇಷ್ಟು ಧಾರಾಳ.

ಕನ್ನಡದವರನ್ನು ಹುಡುಕಿಕೊಂಡು ಹೋಗಬೇಕೇ? ಹೋಗಬೇಕು, ಆದರೆ ಅಲ್ಲೇ ನಿಲ್ಲಬಾರದು. ಪುಣೆಗೂ ಕನ್ನಡಕ್ಕೂ ಹಳೆಯ ನಂಟು. ಗದಗಿನ ಕಡೆಯ ಭೀಮಸೇನ ಜೋಶಿಯವರು ಪುಣೆಯಲ್ಲಿ ನೆಲಸಿ, ಕುಂದಗೋಳದವರಾದ ತಮ್ಮ ಗುರು ಸವಾಯಿ ಗಂಧರ್ವರ ಹೆಸರಿನ ಸಂಗೀತೋತ್ಸವವನ್ನು ಅಲ್ಲಿ ಬೆಳೆಸಿದರು. ಕನ್ನಡ ಸಂಘವಿದೆ, ಅದು ನಡೆಸುವ ಶಾಲೆಗಳಿವೆ. ಕರಾವಳಿಯಿಂದ ಹೋದವರ ಹೋಟೆಲುಗಳಲ್ಲಿ ದೋಸೆ ಸಿಗುತ್ತದೆ. ವಾರಕ್ಕೊಮ್ಮೆ ಕನ್ನಡ ಮಾತನಾಡಿ ಮನಸ್ಸು ಹಗುರ ಮಾಡಿಕೊಳ್ಳಿ. ಉಳಿದ ಆರು ದಿನ ಅಸ್ಸಾಮಿನವನ ಜೊತೆಗೋ ಕೇರಳದವಳ ಜೊತೆಗೋ ಕುಳಿತು ಊಟ ಮಾಡಿ. ಬೇರೆ ಬೇರೆ ರಾಜ್ಯದ ಹತ್ತು ಮಂದಿ ಒಂದೇ ಮೇಜಿನ ಸುತ್ತ ಕೂರುವ ಅವಕಾಶ ಜೀವನದಲ್ಲಿ ಮೇಲಿಂದ ಮೇಲೆ ಬರುವುದಿಲ್ಲ.

ತಿರುಗಾಟ: ಮೊದಲು ಕಾಲಿಗೆ ಎಟಕುವಷ್ಟು

ಮೊದಲ ಭಾನುವಾರವೇ ದೂರದ ಪ್ರವಾಸ ಹಾಕಬೇಡಿ. ಯಾರ ಜೊತೆ ಹೊಂದುತ್ತದೆ ಎಂಬುದು ಗೊತ್ತಾಗುವ ಮುನ್ನ ಇಡೀ ದಿನ ಬಸ್ಸಿನಲ್ಲಿ ಒಟ್ಟಿಗೆ ಕೂರುವುದು ಕಷ್ಟ. ಎರಡು ಗಂಟೆಯ ನಡಿಗೆ ಸಾಕು.

ಪುಣೆ ವಿಶ್ವವಿದ್ಯಾನಿಲಯದ ಆವರಣದಲ್ಲಿರುವ ಅಯುಕಾದಿಂದಲೇ ಆರಂಭಿಸೋಣ. 1988ರಲ್ಲಿ ಜಯಂತ ನಾರಳೀಕರ್ ಅವರು ಸ್ಥಾಪಿಸಿ ಬೆಳೆಸಿದ ಈ ಕೇಂದ್ರದ ಕಟ್ಟಡವನ್ನು ವಿನ್ಯಾಸ ಮಾಡಿದವರು ಖ್ಯಾತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ಅಂಗಳದಲ್ಲಿ ಆರ್ಯಭಟ, ಗೆಲಿಲಿಯೋ, ನ್ಯೂಟನ್, ಐನ್‌ಸ್ಟೈನ್ ನಾಲ್ವರ ಪ್ರತಿಮೆಗಳಿವೆ. ಅಲ್ಲೊಂದು ಫೂಕೋ ಲೋಲಕವೂ ಉಂಟು. ಉದ್ದನೆಯ ತಂತಿಗೆ ಕಟ್ಟಿದ ಭಾರ ಅತ್ತಿತ್ತ ತೂಗುತ್ತದೆ. ಹೊತ್ತು ಕಳೆದಂತೆ ಅದು ತೂಗುವ ದಿಕ್ಕು ಮೆಲ್ಲಗೆ ಬಲಕ್ಕೆ ತಿರುಗುತ್ತದೆ. ತಿರುಗುತ್ತಿರುವುದು ಲೋಲಕದ ಕೆಳಗಿನ ಭೂಮಿ. ಧ್ರುವದಲ್ಲಿ ಒಂದು ಸುತ್ತಿಗೆ ಸುಮಾರು 24 ಗಂಟೆ. ಭೂಮಧ್ಯರೇಖೆಯಲ್ಲಿ ತಿರುಗುವುದೇ ಇಲ್ಲ. ಪುಣೆಯ ಅಕ್ಷಾಂಶ ಸುಮಾರು 18.5 ಡಿಗ್ರಿ. ಅದರ ಸೈನ್ ಬೆಲೆ 0.317. ಹೀಗಾಗಿ ಅಲ್ಲಿ ಒಂದು ಸುತ್ತಿಗೆ ಸುಮಾರು 75 ಗಂಟೆ. 13 ಡಿಗ್ರಿಯ ಬೆಂಗಳೂರಿನಲ್ಲಾದರೆ ಸುಮಾರು 106 ಗಂಟೆ ಬೇಕು. ಊರು ಬದಲಾದರೆ ಲೋಲಕದ ನಡೆಯೂ ಬದಲಾಗುತ್ತದೆ, ಮನುಷ್ಯರದು ಬದಲಾದರೆ ಆಶ್ಚರ್ಯವೇನು?

ಅಲ್ಲಿಂದ ನಗರದ ಕಡೆಗೆ ಬಂದರೆ ಜಂಗಲಿ ಮಹಾರಾಜ ರಸ್ತೆಯಲ್ಲಿ ಪಾತಾಳೇಶ್ವರ ಗುಹಾಲಯವಿದೆ. ವಾಹನಗಳ ಗದ್ದಲದ ಪಕ್ಕದಲ್ಲೇ, ನೆಲಮಟ್ಟಕ್ಕಿಂತ ಕೆಳಗೆ ಕಪ್ಪು ಕಲ್ಲಿನಲ್ಲಿ ಕೊರೆದ ಶಿವಾಲಯ. ಅದರ ಮುಂದೆ ದುಂಡಗಿನ ನಂದಿಮಂಟಪ. ಇದು ಎಂಟನೆಯ ಶತಮಾನದ, ರಾಷ್ಟ್ರಕೂಟರ ಕಾಲದ ಕೆಲಸ. ಮಾನ್ಯಖೇಟದ ಅರಸರ ಹೆಸರನ್ನು ಪಠ್ಯಪುಸ್ತಕದಲ್ಲಿ ಓದಿದ ನಮ್ಮ ವಿದ್ಯಾರ್ಥಿಗೆ ಪುಣೆಯ ನಡುಬೀದಿಯಲ್ಲಿ ಹಳೆಯ ನೆಂಟರು ಸಿಕ್ಕಂತೆ. ಸಂಜೆಯ ಹೊತ್ತಿಗೆ ಊರಿನ ಗುಡ್ಡಗಳಿವೆ. ಅಲ್ಲಿನವರು ಇವನ್ನು 'ಟೇಕಡಿ' ಎನ್ನುತ್ತಾರೆ. ವೇತಾಳ ಟೇಕಡಿ, ಮೇಲೆ ಪೇಶ್ವೆಯವರ ಕಾಲದ ದೇವಾಲಯವಿರುವ ಪರ್ವತಿ ಗುಡ್ಡ ಇವೆಲ್ಲ ಕಾಸು ಖರ್ಚಿಲ್ಲದ ಸಂಜೆಗಳು. ನಗರದೊಳಗಿನ ಓಡಾಟಕ್ಕೆ ಬಸ್ಸಿದೆ. 2022ರಲ್ಲಿ ಆರಂಭವಾದ ಮೆಟ್ರೋ ರೈಲೂ ಇದೆ.

ಲೋಕಲ್ ರೈಲಿನ ಒಂದು ಭಾನುವಾರ

ಮೂರನೆಯ ವಾರಕ್ಕೆ ಒಂದು ಇಡೀ ದಿನದ ಪ್ರವಾಸ ಹಾಕಿಕೊಳ್ಳಬಹುದು. ಪುಣೆಯಿಂದ ಲೋನಾವಳಕ್ಕೆ ಸುಮಾರು 64 ಕಿಲೋಮೀಟರ್ ದೂರ ಲೋಕಲ್ ರೈಲು ಓಡುತ್ತದೆ. ಲೋನಾವಳದ ಹಿಂದಿನ ನಿಲ್ದಾಣ ಮಳವಳಿ. ನಮ್ಮ ಮಂಡ್ಯ ಜಿಲ್ಲೆಯ ಮಳವಳ್ಳಿಯ ಹೆಸರನ್ನು ಹೋಲುವ ಈ ಪುಟ್ಟ ನಿಲ್ದಾಣದಲ್ಲಿ ಇಳಿದರೆ ಒಂದು ಕಡೆಗೆ ಭಾಜೆ, ಇನ್ನೊಂದು ಕಡೆಗೆ ಕಾರ್ಲೆ. ಎರಡೂ ಬೌದ್ಧ ಗುಹೆಗಳು, ಸುಮಾರು ಎರಡು ಸಾವಿರ ವರ್ಷ ಹಳೆಯವು.

ಕಾರ್ಲೆಯ ಚೈತ್ಯಗೃಹ ಭಾರತದ ಬಂಡೆಗಲ್ಲಿನ ಚೈತ್ಯಗಳಲ್ಲೇ ಅತಿ ದೊಡ್ಡದು. ಸಾಲುಗಂಬಗಳ ಮೇಲೆ ಕಮಾನಿನಂತೆ ಬಾಗಿದ ಚಾವಣಿ. ಆ ಚಾವಣಿಗೆ ಅಂದು ಜೋಡಿಸಿದ ಮರದ ತೊಲೆಗಳನ್ನು ಇಂದಿಗೂ ನೋಡಬಹುದು. ಕಲ್ಲಿನ ಚಾವಣಿಗೆ ಮರದ ಆಧಾರ ಬೇಕಿರಲಿಲ್ಲ. ಮರದ ಕಟ್ಟಡಗಳನ್ನು ಕಟ್ಟಿ ಅಭ್ಯಾಸವಾಗಿದ್ದ ಶಿಲ್ಪಿಗಳು ಅದೇ ರೂಪವನ್ನು ಕಲ್ಲಿಗೂ ತಂದರು.

ಇಲ್ಲಿ ಕನ್ನಡ ನಾಡಿನವರು ತಪ್ಪದೆ ಹುಡುಕಬೇಕಾದ ಒಂದು ಶಾಸನವಿದೆ. ಪ್ರಾಕೃತ ಭಾಷೆಯಲ್ಲಿ, ಬ್ರಾಹ್ಮೀ ಲಿಪಿಯಲ್ಲಿರುವ ಅದರ ತಾತ್ಪರ್ಯ ಇಷ್ಟು: ಜಂಬೂದ್ವೀಪದಲ್ಲೇ ಶ್ರೇಷ್ಠವಾದ ಈ ಶಿಲಾಗೃಹವನ್ನು ವೈಜಯಂತಿಯಿಂದ ಬಂದ ಭೂತಪಾಲನೆಂಬ ಸೆಟ್ಟಿ ಪೂರ್ಣಗೊಳಿಸಿದ. ವೈಜಯಂತಿ ಎಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಬನವಾಸಿ ಎಂದು ವಿದ್ವಾಂಸರು ಗುರುತಿಸುತ್ತಾರೆ. ಬನವಾಸಿಯ ವರ್ತಕನೊಬ್ಬ ಸಹ್ಯಾದ್ರಿಯ ಸಾಲಿನಲ್ಲಿ ಇಷ್ಟು ದೂರ ಬಂದು, ಗೊತ್ತಿಲ್ಲದ ಊರಿನವರ ಜೊತೆ ಸೇರಿ ಈ ಕೆಲಸ ಮಾಡಿಸಿದ. ಅಲ್ಲಿನ ಕಂಬಗಳ ಮೇಲೆ ದಾನ ಕೊಟ್ಟ ಯವನರ ಹೆಸರುಗಳೂ ಇವೆ. ಹೊರ ಊರಿನವರು ಒಂದು ಕೆಲಸಕ್ಕಾಗಿ ಸೇರುವುದು, ಒಟ್ಟಿಗೆ ಏನನ್ನಾದರೂ ಮಾಡಿ ಬಿಟ್ಟುಹೋಗುವುದು ಈ ನೆಲಕ್ಕೆ ಹೊಸದಲ್ಲ.

ವಿಶ್ವೇಶ್ವರಯ್ಯನವರ ಪುಣೆ

ಇನ್ನೊಂದು ಭಾನುವಾರ ನೈರುತ್ಯದ ಕಡೆಗೆ ಹೋಗಿ. ದಾರಿಯಲ್ಲಿ ಖಡಕ್‌ವಾಸಲಾ ಜಲಾಶಯ, ಅದರಾಚೆ ಸಿಂಹಗಡ.

ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದು, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯ ವಿಜ್ಞಾನ ಕಾಲೇಜಿಗೆ ಎಂಜಿನಿಯರಿಂಗ್ ಓದಲು ಹೋದವರು. 1883ರಲ್ಲಿ ಅಲ್ಲಿ ತೇರ್ಗಡೆಯಾಗಿ ಮುಂಬಯಿ ಪ್ರಾಂತದ ಸೇವೆಗೆ ಸೇರಿದರು. ಖಡಕ್‌ವಾಸಲಾ ಜಲಾಶಯಕ್ಕೆ 1903ರಲ್ಲಿ ಅವರ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಲಾಯಿತು. ನೀರಿನ ಮಟ್ಟ ಗೊತ್ತಾದ ಗುರುತನ್ನು ಮೀರಿದಾಗ ತಾವಾಗಿಯೇ ತೆರೆದು, ಮಟ್ಟ ಇಳಿದಾಗ ತಾವಾಗಿಯೇ ಮುಚ್ಚಿಕೊಳ್ಳುವ ಬಾಗಿಲುಗಳು ಅವು. ಅಣೆಕಟ್ಟಿನ ಗೋಡೆಯನ್ನು ಎತ್ತರಿಸದೆಯೇ ಹೆಚ್ಚು ನೀರನ್ನು ಹಿಡಿಯುವ ಉಪಾಯ. 1961ರ ಜುಲೈ 12ರಂದು ಮೇಲಿನ ಪಾನ್‌ಶೇತ್ ಅಣೆಕಟ್ಟು ಒಡೆದಾಗ ಆ ನೀರಿನ ರಭಸಕ್ಕೆ ಖಡಕ್‌ವಾಸಲಾವೂ ಒಡೆದು ಪುಣೆ ನಗರದ ಬಹುಭಾಗ ಜಲಾವೃತವಾಯಿತು. ಅಣೆಕಟ್ಟನ್ನು ಅನಂತರ ಮತ್ತೆ ಸರಿಪಡಿಸಲಾಯಿತು.

ಸಿಂಹಗಡದ ಏರುದಾರಿಯಲ್ಲಿ ಬಂಡೆಯನ್ನು ಗಮನಿಸಿ. ಪದರದ ಮೇಲೆ ಪದರವಾಗಿ ಮೆಟ್ಟಿಲಿನಂತೆ ಕಾಣುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಮತ್ತೆ ಮತ್ತೆ ಉಕ್ಕಿ ಹರಿದು ಆರಿದ ಲಾವಾ ಇದು. ಬೆಳಗಾವಿ, ವಿಜಯಪುರ, ಕಲಬುರಗಿಯ ಕಡೆಯವರ ಕಪ್ಪು ಮಣ್ಣು ಇದೇ ಬಂಡೆ ಸವೆದು ಆದದ್ದು. ಕೋಟೆಯ ಮೇಲೆ ಹಳ್ಳಿಯ ಹೆಂಗಸರು ಕೊಡುವ ಭಾಕರಿ, ಪಿಠಲೆ, ಮಣ್ಣಿನ ಕುಡಿಕೆಯ ಮೊಸರು ತಿಂದರೆ ಹತ್ತಿದ ಆಯಾಸ ಇಳಿಯುತ್ತದೆ.

ಮಳೆ ಬಂದ ಮೇಲೆ ಎಚ್ಚರ

ಜೂನ್ ಎರಡನೆಯ ವಾರದ ಹೊತ್ತಿಗೆ ಪುಣೆಗೆ ಮುಂಗಾರು ಮುಟ್ಟುತ್ತದೆ. ಒಂದೆರಡು ವಾರದಲ್ಲಿ ಬೋಳು ಬೆಟ್ಟಗಳು ಹಸಿರಾಗಿ ಎಲ್ಲೆಲ್ಲೂ ಝರಿಗಳು ಇಳಿಯುತ್ತವೆ. ಇಂಟರ್ನ್‌ಗಳೆಲ್ಲ ಜಲಪಾತಕ್ಕೆ ಹೊರಡುವ ಕಾಲ ಇದೇ. ಅಪಾಯದ ಕಾಲವೂ ಇದೇ.

2024ರ ಜೂನ್ 30, ಭಾನುವಾರ. ಲೋನಾವಳದ ಭುಶಿ ಅಣೆಕಟ್ಟಿನ ಬಳಿಯ ಝರಿಯಲ್ಲಿ ನಿಂತಿದ್ದ ಒಂದೇ ಕುಟುಂಬದ ಐವರು ದಿಢೀರನೆ ಏರಿದ ನೀರಿನಲ್ಲಿ ಕೊಚ್ಚಿಹೋದರು. 2025ರ ಜೂನ್ 15, ಅದೂ ಭಾನುವಾರ. ತಳೆಗಾಂವ್ ಹತ್ತಿರದ ಕುಂಡಮಳದಲ್ಲಿ ಇಂದ್ರಾಯಣಿ ನದಿಯ ಹಳೆಯ ಕಬ್ಬಿಣದ ಸೇತುವೆ ಜನ ಕಿಕ್ಕಿರಿದಿದ್ದಾಗ ಕುಸಿದು ನಾಲ್ವರು ಸತ್ತರು.

ನೀರು ಹೀಗೆ ದಿಢೀರನೆ ಏರುವುದೇಕೆ? ನೀವು ನಿಂತ ಜಾಗದಲ್ಲಿ ಮಳೆ ಇಲ್ಲದಿರಬಹುದು. ಮೇಲಿನ ಗುಡ್ಡದಲ್ಲಿ ಸುರಿದಿರುತ್ತದೆ. ಒಂದು ಚದರ ಕಿಲೋಮೀಟರ್ ಜಾಗದ ಮೇಲೆ ಕೇವಲ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಅದು ಒಂದು ಕೋಟಿ ಲೀಟರ್ ನೀರು. ಬಂಡೆಯ ಇಳಿಜಾರಿನಲ್ಲಿ ಮಣ್ಣು ತೆಳು, ನೀರು ಇಂಗುವುದು ಕಡಿಮೆ. ಬಿದ್ದದ್ದೆಲ್ಲ ಕೆಲವೇ ನಿಮಿಷಗಳಲ್ಲಿ ಒಂದು ಕಿರಿದಾದ ಝರಿಗೆ ಬರುತ್ತದೆ. ನೀರಿನ ವೇಗ ಎರಡರಷ್ಟಾದರೆ ಅದು ನಮ್ಮನ್ನು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಆದ್ದರಿಂದ ಮೊಣಕಾಲುದ್ದದ ನೀರೂ ಗಟ್ಟಿಮುಟ್ಟಾದ ಆಳನ್ನು ಉರುಳಿಸಬಲ್ಲದು. ಪಾಚಿಗಟ್ಟಿದ ಬಂಡೆಯಾದರೆ ಹೇಳುವುದೇ ಬೇಡ. ಈಜು ಬಂದರೂ ಅಲ್ಲಿ ಪ್ರಯೋಜನವಿಲ್ಲ.

ಮಳೆಗಾಲದಲ್ಲಿ ಹರಿಯುವ ನೀರಿಗೆ ಇಳಿಯಬೇಡಿ. ದಡದಿಂದ ನೋಡಿ. ತಿಳಿನೀರು ಕೆಂಪಾದರೆ, ಕಸಕಡ್ಡಿ ತೇಲಿಬಂದರೆ, ಮೊರೆತ ಹೆಚ್ಚಿದರೆ ಆ ಕ್ಷಣವೇ ಎತ್ತರಕ್ಕೆ ಹೋಗಿ. ನಿಷೇಧದ ಫಲಕವನ್ನು ದಾಟಿ ಚಿತ್ರ ತೆಗೆಯಲು ಯಾರಾದರೂ ಕರೆದರೆ ಹೋಗಬೇಡಿ. ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ಹಾಸ್ಟೆಲಿನಲ್ಲಿ ಒಬ್ಬರಿಗಾದರೂ ತಿಳಿಸಿರಿ. ಕತ್ತಲಾಗುವ ಮುನ್ನ ರೈಲು ಹತ್ತುವಂತೆ ದಿನವನ್ನು ಹೊಂದಿಸಿರಿ. ಪರವಾನಗಿ, ಹೆಲ್ಮೆಟ್ ಇಲ್ಲದೆ ಬಾಡಿಗೆ ಬೈಕಿನಲ್ಲಿ ಘಟ್ಟ ಇಳಿಯುವುದು ಸಾಹಸವಲ್ಲ. ತುರ್ತು ಸಹಾಯದ ಸಂಖ್ಯೆ 112 ದೇಶದಲ್ಲೆಲ್ಲಾ ಒಂದೇ.

ಹಣ, ಮತ್ತು 'ಬೇಡ' ಎನ್ನುವ ಕಲೆ

ಗುಂಪಿನಲ್ಲಿ ಎಲ್ಲರ ಜೇಬೂ ಒಂದೇ ಆಗಿರುವುದಿಲ್ಲ. ಇಂಟರ್ನ್‌ಗಳಿಗೆ ಕೊಡುವ ವೇತನ ಎಷ್ಟೋ ಕಡೆ ಕೊನೆಯಲ್ಲಿ ಕೈಸೇರುತ್ತದೆ, ಅಲ್ಲಿಯವರೆಗೆ ಮನೆಯ ಹಣವೇ ಗತಿ. ನಾವು ಮಾತನಾಡಿಸಿದ ವಿದ್ಯಾರ್ಥಿಗಳಲ್ಲಿ ಕೆಲವರು ಗುಂಪಿನಿಂದ ದೂರ ಉಳಿದದ್ದು ಸ್ವಭಾವದಿಂದಲ್ಲ, ಹೋಟೆಲಿನ ಬಿಲ್ಲಿಗೆ ಹೆದರಿ. "ತಲೆನೋವು" ಎಂದು ನೆಪ ಹೇಳಿ ಕೊಠಡಿಯಲ್ಲಿ ಉಳಿದವರನ್ನು ಎರಡನೆಯ ಬಾರಿ ಯಾರೂ ಕರೆಯುವುದಿಲ್ಲ. "ಈ ವಾರ ಖರ್ಚು ಮಾಡುವ ಹಾಗಿಲ್ಲ, ಟೇಕಡಿಗೆ ಹೋಗೋಣವೇ?" ಎಂದು ನೇರವಾಗಿ ಹೇಳಿದರೆ, ಅದೇ ಮಾತನ್ನು ಹೇಳಲು ಕಾದಿದ್ದ ಇನ್ನಿಬ್ಬರು ಸಿಗುತ್ತಾರೆ.

ಬಂದ ದಿನವೇ ತಿರುಗಾಟದ ಹಣವನ್ನು ಊಟದ ಹಣದಿಂದ ಬೇರೆಯಾಗಿ ಎತ್ತಿಡಿ. ಮರಳಿ ಹೋಗುವ ಟಿಕೆಟಿನ ಹಣವನ್ನು ಮುಟ್ಟಲೇಬೇಡಿ. ಪ್ರವಾಸದ ಖರ್ಚನ್ನು ಒಬ್ಬರೇ ಬರೆದಿಟ್ಟು ಅದೇ ರಾತ್ರಿ ಹಂಚಿಕೊಳ್ಳಿ. ಉಳಿದ ಹತ್ತಿಪ್ಪತ್ತು ರೂಪಾಯಿಯ ಮುನಿಸು ದೊಡ್ಡ ಗೆಳೆತನವನ್ನು ಕೆಡಿಸಿದ ಉದಾಹರಣೆಗಳಿವೆ. ಕುಡಿತಕ್ಕೋ ತಡರಾತ್ರಿಯ ಸುತ್ತಾಟಕ್ಕೋ ಒತ್ತಾಯ ಬಂದಾಗಲೂ ಹೀಗೆಯೇ. ಒಂದು ಸಲ ನಗುತ್ತಾ ಸ್ಪಷ್ಟವಾಗಿ 'ಬೇಡ' ಎಂದರೆ ಸಾಕು, ಕಾರಣ ಕೊಡಬೇಕಾಗಿಲ್ಲ. ಮಾರ್ಗದರ್ಶಕರಿಂದಲೋ ಹಿರಿಯರಿಂದಲೋ ಅನುಚಿತ ವರ್ತನೆ ಕಂಡರೆ ಮುಚ್ಚಿಟ್ಟುಕೊಳ್ಳಬೇಡಿ. ಪ್ರತಿ ಸಂಸ್ಥೆಯಲ್ಲಿಯೂ ದೂರು ಸಮಿತಿ ಇರಬೇಕೆಂದು ಕಾನೂನಿದೆ.

ಬೇಸರವು ಎರಡು ವಾರ ಮೀರಿಯೂ ಇಳಿಯದೆ, ಊಟ ನಿದ್ರೆ ಕೆಟ್ಟರೆ ಅದನ್ನು ಬರೀ ಮನೆಯ ನೆನಪು ಎಂದು ತಳ್ಳಿಹಾಕಬೇಡಿ. 2022ರಿಂದ ನಡೆಯುತ್ತಿರುವ ಸರ್ಕಾರದ 'ಟೆಲಿ ಮಾನಸ್' ಸಹಾಯವಾಣಿಯ ಸಂಖ್ಯೆ 14416. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಖರ್ಚಿಲ್ಲ.

ಹೊರಡುವ ಮುನ್ನ

ಎಂಟನೆಯ ವಾರ ವರದಿ ಬರೆಯುವ ಗಡಿಬಿಡಿ. ಅದರ ನಡುವೆಯೂ ಒಂದು ಕೆಲಸ ಮಾಡಿ. ನಿಮಗೆ ಸಹಾಯ ಮಾಡಿದ ಹತ್ತು ಜನರಿಗೆ ಮುಖತಃ ಹೇಳಿ ಬನ್ನಿ. ಅದರಲ್ಲಿ ಮಾರ್ಗದರ್ಶಕರಷ್ಟೇ ಅಲ್ಲ, ಮೆಸ್ಸಿನ ಮಾವಶಿ, ಕಾವಲಿನ ಕಾಕಾ ಸಹ ಇರಲಿ.

1973ರಲ್ಲಿ ಗ್ರನೊವೆಟರ್ ಎಂಬ ಸಮಾಜವಿಜ್ಞಾನಿ ಪ್ರಕಟಿಸಿದ ಪ್ರಸಿದ್ಧ ಲೇಖನ ಒಂದಿದೆ. ಜನರಿಗೆ ಕೆಲಸದ ಸುದ್ದಿ ಆಪ್ತ ಗೆಳೆಯರಿಗಿಂತ ದೂರದ ಪರಿಚಿತರಿಂದ ಬಂದದ್ದೇ ಹೆಚ್ಚು ಎಂದು ಅವರು ತೋರಿಸಿದರು. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ದೂರದವರ ಬಳಿಯೇ ಹೊಸ ಸುದ್ದಿ. ಪುಣೆಯ ಊಟದ ಮೇಜಿನಲ್ಲಿ ಎದುರು ಕುಳಿತಿದ್ದ ಗುವಾಹಟಿಯ ಹುಡುಗ ಮುಂದೆ ಯಾವ ಪ್ರಯೋಗಾಲಯದಲ್ಲಿ ಜಾಗ ಖಾಲಿಯಿದೆ ಎಂದು ಬರೆದು ತಿಳಿಸಬಹುದು. ನಮ್ಮ ಸಣ್ಣ ಊರುಗಳ ಮಕ್ಕಳಿಗೆ ಇಂಥ ಪರಿಚಯಗಳು ಅಪ್ಪ ಅಮ್ಮನಿಂದ ಬರುವುದಿಲ್ಲ. ಅವನ್ನು ತಾವೇ ಗಳಿಸಬೇಕು. ಬೇಸಿಗೆಯ ಎಂಟು ವಾರ ಅದಕ್ಕೆ ಸಿಗುವ ಮೊದಲ ಅವಕಾಶ.

ಕೊಪ್ಪಳದ ಆ ವಿದ್ಯಾರ್ಥಿನಿ ಟಿಕೆಟ್ ತೆಗೆಸಲಿಲ್ಲ. ಪಕ್ಕದ ಕೊಠಡಿಯ ಹುಡುಗಿ ಚಹಾಕ್ಕೆ ಕರೆದಳಂತೆ, ಉಳಿದುಕೊಂಡಳು. ಈ ವರ್ಷ ನೀವು ಎಲ್ಲಿಗಾದರೂ ಹೋದರೆ, ಪಕ್ಕದ ಬಾಗಿಲು ಮುಚ್ಚಿದ್ದರೆ, ಆ ಚಹಾಕ್ಕೆ ಕರೆಯುವವರು ನೀವೇ ಆಗಿ.

ತರಗತಿಯಲ್ಲಿ ಚರ್ಚಿಸಲು ಕೆಲವು ಪ್ರಶ್ನೆಗಳು

1. ನಿಮ್ಮ ಊರಿಗೆ ಎಂಟು ವಾರಕ್ಕಾಗಿ ಹೊರ ರಾಜ್ಯದ ವಿದ್ಯಾರ್ಥಿ ಬಂದರೆ, ಖರ್ಚಿಲ್ಲದೆ ತೋರಿಸಬಹುದಾದ ಐದು ಜಾಗಗಳು ಯಾವುವು?

2. ನಿಮ್ಮ ಊರಿನ ಅಕ್ಷಾಂಶವನ್ನು ಭೂಪಟದಲ್ಲಿ ನೋಡಿ. ಅಲ್ಲಿ ಫೂಕೋ ಲೋಲಕದ ಒಂದು ಸುತ್ತಿಗೆ ಎಷ್ಟು ಗಂಟೆ ಬೇಕೆಂದು ಲೆಕ್ಕ ಹಾಕಿ.

3. ಕಳೆದ ವಾರ ನಿಮ್ಮ ಅತ್ಯಂತ ಆಪ್ತ ಗೆಳೆಯ ಅಥವಾ ಗೆಳತಿಯ ಜೊತೆ ಪಾಠದ ಹೊರಗೆ ಕಳೆದ ಗಂಟೆಗಳೆಷ್ಟು? ಬರೆದು ನೋಡಿ.

4. ನಿಮ್ಮ ಹತ್ತಿರದ ಹಳ್ಳ, ಜಲಪಾತ ಅಥವಾ ಕೆರೆಯ ಕೋಡಿಯಲ್ಲಿ ಮಳೆಗಾಲದಲ್ಲಿ ನೀರು ಎಲ್ಲಿಂದ ಬರುತ್ತದೆ? ಹಿರಿಯರನ್ನು ಕೇಳಿ, ಒಂದು ನಕ್ಷೆ ಬರೆಯಿರಿ.